ಮಿಲ್ ರೋಲರ್ ಶಾಫ್ಟಿನ ಅಲ್ಟ್ರಾಸಾನಿಕ್ ತಪಾಸಣೆ: ಸ್ಕ್ರೀನಿನಲ್ಲಿ ಕಂಡ ಪೀಕೆಲ್ಲ ಬಿರುಕಲ್ಲ

ಕಬ್ಬು ಮುಗಿದು ಮಿಲ್ ನಿಂತ ಮೇಲೆ ಮುಧೋಳ, ಜಮಖಂಡಿ, ಅಥಣಿ, ಚಿಕ್ಕೋಡಿ, ಇಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ರೋಲರುಗಳು ಒಂದೊಂದಾಗಿ ಹೊರಬರುತ್ತವೆ. ಮುಂದಿನ ಹಂಗಾಮಿಗೆ ಯಾವ ಶಾಫ್ಟ್ (ರೋಲರಿನ ಅಚ್ಚು) ಮತ್ತೆ ಒಳಗೆ ಹೋಗಬೇಕು, ಯಾವುದನ್ನು ಬದಿಗಿಡಬೇಕು ಎಂದು ತೀರ್ಮಾನವಾಗುವುದು ಈ ಬಿಡುವಿನಲ್ಲೇ. ನಿಮಿಷಕ್ಕೆ 4 ಸುತ್ತಿನಂತೆ 150 ದಿನ ತಿರುಗಿದ ಶಾಫ್ಟ್ 8,64,000 ಸುತ್ತು ಹಾಕಿರುತ್ತದೆ. ಪ್ರತಿ ಸುತ್ತಿಗೂ ಅದರ ಮೈಯ ಒಂದೊಂದು ಬಿಂದುವೂ ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಡಕ್ಕೆ ಸಿಗುತ್ತದೆ. ಅದರ ಮೇಲೆ ಹುಳಿ ರಸ, ಉಳಿದ ರಸ ತೆಗೆಯಲು ಸಿಪ್ಪೆಗೆ ಸುರಿಯುವ ಇಂಬಿಬಿಷನ್ ನೀರು. ಬಿರುಕು ಹುಟ್ಟಲು ಇಷ್ಟು ಸಾಕು.

ಅಲ್ಟ್ರಾಸಾನಿಕ್ ಯಂತ್ರ ಪ್ರೋಬಿನ ಮೂಲಕ ಕಿವಿಗೆ ಕೇಳದ ಶಬ್ದದ ಅಲೆಯನ್ನು ಉಕ್ಕಿನೊಳಗೆ ಕಳಿಸುತ್ತದೆ, ತಾಗಿ ಮರಳಿದ ಎಕೋವನ್ನು (ಪ್ರತಿಧ್ವನಿ) ಸ್ಕ್ರೀನಿನಲ್ಲಿ ಪೀಕ್, ಅಂದರೆ ಎದ್ದ ಮೊನೆಯಾಗಿ ತೋರಿಸುತ್ತದೆ. ಅದು ಆ ಬಿರುಕನ್ನು ಇನ್ನೂ ಎಳೆಯದಾಗಿರುವಾಗಲೇ ಹಿಡಿಯಬಲ್ಲದು. ಆದರೆ ತಪ್ಪು ಓದಿಗೂ ಅದೇ ಯಂತ್ರ ದಾರಿ. ಒಳ್ಳೆಯ ಶಾಫ್ಟನ್ನು ಗುಜರಿಗೆ ಹಾಕಿಸುವ ಪೀಕುಗಳು ಇವೆ, ಕೆಟ್ಟ ಶಾಫ್ಟನ್ನು ಪಾಸು ಮಾಡಿಸುವ ಖಾಲಿ ಸ್ಕ್ರೀನುಗಳೂ ಇವೆ. ಪೀಕಿನ ಎತ್ತರ ನೋಡಿ ಹೆದರುವ ಬದಲು ಅದು ಎಷ್ಟು ಮಿಮೀ ದೂರದಲ್ಲಿದೆ, ಏನು ಬದಲಿಸಿದರೆ ಕದಲುತ್ತದೆ ಎಂದು ಕೇಳುವುದು ಇಲ್ಲಿಯ ಮುಖ್ಯ ಕೆಲಸ. ಕೆಳಗಿನದೆಲ್ಲ ಆ ಪ್ರಶ್ನೆಯ ವಿಸ್ತಾರವೇ.

ಮೊದಲು ಕಾಗದದ ಮೇಲೆ ನಕ್ಷೆ

ಪ್ರೋಬ್ ಹಚ್ಚುವ ಮೊದಲು ಶಾಫ್ಟಿನ ಡ್ರಾಯಿಂಗ್ ಬೇಕು. ಸಿಗದಿದ್ದರೆ ಟೇಪು ಹಿಡಿದು ಅಳೆಯಿರಿ. ಉದಾಹರಣೆಗೆ ಈ ಬರಹದುದ್ದಕ್ಕೂ ಒಂದೇ ಶಾಫ್ಟ್ ಇಟ್ಟುಕೊಳ್ಳೋಣ. ಒಟ್ಟು ಉದ್ದ 3,500 ಮಿಮೀ. ಡ್ರೈವ್ ಕಡೆಯ ತುದಿಯಿಂದ ಎಣಿಸಿದರೆ 0ರಿಂದ 350ರವರೆಗೆ ಸ್ಕ್ವೇರ್ (ಚೌಕ ತುದಿ), 800ರವರೆಗೆ ಪಿನಿಯನ್ (ಹಲ್ಲುಗಾಲಿ) ಕೂರುವ ಜಾಗ, 1,280ರವರೆಗೆ 380 ಮಿಮೀ ವ್ಯಾಸದ ಜರ್ನಲ್ (ಬೇರಿಂಗಿನಲ್ಲಿ ಕೂರುವ ಭಾಗ), ಅಲ್ಲಿಂದ 2,960ರವರೆಗೆ ಶೆಲ್ (ಕಬ್ಬು ಅರೆಯುವ ಹೊರಕವಚ) ಕೂತಿರುವ 430 ಮಿಮೀ ವ್ಯಾಸದ ಭಾಗ, 3,440ರವರೆಗೆ ಆಚೆ ಕಡೆಯ ಜರ್ನಲ್, ಕೊನೆಗೆ 60 ಮಿಮೀ ತುದಿ. ನಿಮ್ಮ ಶಾಫ್ಟಿನ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ರೀತಿ ಇದೇ.

ಬಿರುಕು ಹುಟ್ಟುವ ಜಾಗಗಳು ಹೆಚ್ಚೇನಿಲ್ಲ. ಜರ್ನಲ್ ಮತ್ತು ಶೆಲ್ ಭಾಗ ಸೇರುವ ಫಿಲೆಟ್, ಅಂದರೆ ದುಂಡಗೆ ತಿರುವಿದ ಮೂಲೆ (ಇಲ್ಲಿ 1,280 ಮತ್ತು 2,960), ಶೆಲ್ ಅಂಚಿನ ಒಳಗೆ ಕೆಲವು ಮಿಮೀ, ಪಿನಿಯನ್ ಕೀ ಕೂರುವ ಗಾಡಿಯ (ತೋಡಿನ) ಮೂಲೆ, ಸ್ಕ್ವೇರಿನ ಬುಡ. ಮಿಲ್ಲಿನ ಮೂರು ರೋಲರುಗಳಲ್ಲಿ ಹೈಡ್ರಾಲಿಕ್ ಒತ್ತಡ ನೇರವಾಗಿ ಬೀಳುವುದು ಟಾಪ್ ರೋಲರಿಗೆ. ಸಮಯ ಕಡಿಮೆಯಿದ್ದರೆ ಅದರಿಂದಲೇ ಶುರು ಮಾಡಿ.

ಈಗ ಬಹಳ ಜನ ಬಿಟ್ಟುಬಿಡುವ ಒಂದು ಮಾತು. ತುದಿಮುಖದಿಂದ ಕಳಿಸಿದ ಅಲೆ ಸಣ್ಣ ವ್ಯಾಸದಿಂದ ದೊಡ್ಡ ವ್ಯಾಸಕ್ಕೆ ಹೋಗುವಾಗ ಎದುರಿಗೆ ಗೋಡೆ ಇರುವುದಿಲ್ಲ, ಹಾಗಾಗಿ ಎಕೋ ಬರುವುದಿಲ್ಲ. ದೊಡ್ಡದರಿಂದ ಸಣ್ಣದಕ್ಕೆ ಹೋಗುವಾಗ ಮೆಟ್ಟಿಲಿನ ಮುಖ ಪ್ರೋಬಿಗೆ ಎದುರಾಗಿರುತ್ತದೆ, ಎಕೋ ಬಂದೇ ಬರುತ್ತದೆ. ನಮ್ಮ ಶಾಫ್ಟನ್ನು ಡ್ರೈವ್ ತುದಿಯಿಂದ ನೋಡಿದರೆ 1,280ರಲ್ಲಿ ಏನೂ ಕಾಣಬಾರದು, 2,960ರಲ್ಲಿ ಪೀಕ್ ಇರಲೇಬೇಕು. ಆಚೆ ತುದಿಯಿಂದ ನೋಡಿದರೆ ಇದೇ ಲೆಕ್ಕ ತಿರುವುಮುರುವು: 540ರಲ್ಲಿ ಖಾಲಿ, 2,220ರಲ್ಲಿ ಪೀಕ್. ಹಾಗಾಗಿ ಪ್ರತಿ ಫಿಲೆಟ್ಟನ್ನೂ ಅದಕ್ಕೆ ಹತ್ತಿರದ ತುದಿಯಿಂದಲೇ ಪರೀಕ್ಷಿಸಬೇಕು. ಖಾಲಿ ಇರಬೇಕಾದ ಜಾಗದಲ್ಲಿ ಸಣ್ಣ ಪೀಕ್ ಎದ್ದರೂ ಅದಕ್ಕೆ ಬೆಲೆ ಇದೆ. ಮೆಟ್ಟಿಲಿನ ದೊಡ್ಡ ಪೀಕಿನ ಬಗಲಲ್ಲಿ ಎದ್ದರೆ ಕಣ್ಣಿಗೇ ಬೀಳುವುದಿಲ್ಲ.

ಯಂತ್ರದ ತಯಾರಿ

24 ಮಿಮೀ ವ್ಯಾಸದ, 2 ಮೆಗಾಹರ್ಟ್ಸ್ ನೇರ ಪ್ರೋಬ್ ಈ ಕೆಲಸಕ್ಕೆ ಸರಿ. ಉಕ್ಕಿನಲ್ಲಿ ಉದ್ದಲೆಯ (ಸಾಗುವ ದಿಕ್ಕಿನಲ್ಲೇ ಕಂಪಿಸುವ ಅಲೆ) ವೇಗ ಸೆಕೆಂಡಿಗೆ 5,920 ಮೀಟರ್, ಅಂದರೆ ತರಂಗದ ಉದ್ದ 2.96 ಮಿಮೀ. ಅದರ ಅರ್ಧಕ್ಕಿಂತ ಸಣ್ಣ ಬಿರುಕು ಸಿಗುತ್ತದೆ ಎಂಬ ಭರವಸೆ ಇಡಬೇಡಿ. ಈ ಪ್ರೋಬಿನ ಕಿರಣ ಎರಡೂ ಬದಿಗೆ ಸುಮಾರು 8.7 ಡಿಗ್ರಿ ಹರಡುತ್ತದೆ. 1,280 ಮಿಮೀ ದೂರಕ್ಕೆ ಹೋಗುವಷ್ಟರಲ್ಲಿ ಅದರ ಅಂಚು ನಡುವಿನಿಂದ 200 ಮಿಮೀಗೂ ಹೆಚ್ಚು ಸರಿದು ಶಾಫ್ಟಿನ ಮೈಗೆ ತಾಗಿರುತ್ತದೆ. 540ಕ್ಕೆ ಮಾತ್ರ 94 ಮಿಮೀ ಅಷ್ಟೇ, 190 ಮಿಮೀ ತ್ರಿಜ್ಯದ ಜರ್ನಲಿನ ಮೈ ಇನ್ನೂ ದೂರವಿರುತ್ತದೆ. ಆದ್ದರಿಂದ ಆಚೆ ತುದಿಯಲ್ಲಿ ಪ್ರೋಬನ್ನು ನಡುವಿನಲ್ಲಿ ಇಟ್ಟು ಸುಮ್ಮನಾದರೆ ಹತ್ತಿರದ ಫಿಲೆಟ್ ಪರೀಕ್ಷೆಯೇ ಆಗಿಲ್ಲ ಎಂದರ್ಥ. ಪ್ರೋಬನ್ನು ಅಂಚಿನ ಕಡೆ ಸರಿಸಿ, ಗಡಿಯಾರದ ಮುಳ್ಳಿನಂತೆ ಸುತ್ತಿಸಿ ನೋಡಬೇಕು. ತೀರಾ ಅಂಚಿಗೂ ಹೋಗಬೇಡಿ: ಮೈಗೆ ಒರಸಿಕೊಂಡು ಹೋದ ಅಲೆ ಮತ್ತು ನೇರ ಅಲೆ ಒಂದನ್ನೊಂದು ಕಳೆದು ಸಂವೇದನೆ ಬೀಳುತ್ತದೆ. ಎರಡು ಮೂರು ವೃತ್ತದಲ್ಲಿ ಸುತ್ತಿಸಿದರೆ ಸರಿಯಾದ ಜಾಗ ತಾನೇ ಗೊತ್ತಾಗುತ್ತದೆ.

ದೂರದ ಲೆಕ್ಕ ಕೂರಿಸುವುದು ಅಳತೆ ಗೊತ್ತಿರುವ ಉಕ್ಕಿನ ಮಾದರಿ ತುಂಡಾದ ವಿ1 ಬ್ಲಾಕಿನ 25 ಮತ್ತು 100 ಮಿಮೀ ಅಳತೆಗಳಿಂದ. ಆದರೆ 100 ಮಿಮೀಯಲ್ಲಿ ಆದ ಶೇ 1ರ ತಪ್ಪು 3,500ಕ್ಕೆ ಹೋದಾಗ 35 ಮಿಮೀ ಆಗುತ್ತದೆ. ಫಿಲೆಟ್ ಎಲ್ಲಿ, ಶೆಲ್ ಅಂಚು ಎಲ್ಲಿ ಎಂಬ ಪ್ರಶ್ನೆಗೆ 35 ಮಿಮೀ ತಪ್ಪು ಬಹಳ ದೊಡ್ಡದು. ಅದಕ್ಕೆ ಟೇಪಿನಲ್ಲಿ ಅಳೆದ ಉದ್ದಕ್ಕೆ ಬ್ಯಾಕ್ ಎಕೋ (ಎದುರು ತುದಿಗೆ ತಾಗಿ ಮರಳಿದ ಎಕೋ) ಬಂದು ಕೂರುವಂತೆ ವೇಗವನ್ನು ಮತ್ತೊಮ್ಮೆ ಹೊಂದಿಸಿ. ಸಣ್ಣ ಪೀಕುಗಳನ್ನು ಮರೆಮಾಡುವ ರಿಜೆಕ್ಟ್ ಗುಂಡಿ ಸೊನ್ನೆಯಲ್ಲಿರಲಿ. ಸ್ಕ್ರೀನ್ ಚೊಕ್ಕಟ ಕಾಣಲಿ ಎಂದು ಅದನ್ನು ಏರಿಸುವವರಿದ್ದಾರೆ. ಅವರು ಹುಲ್ಲಿನ (ಸ್ಕ್ರೀನಿನ ತಳದಲ್ಲಿ ಕಾಣುವ ಸಣ್ಣ ಸಣ್ಣ ಮೊನೆಗಳ ಗದ್ದಲ) ಜೊತೆಗೆ ಎಳೆ ಬಿರುಕನ್ನೂ ಅಳಿಸಿಹಾಕುತ್ತಾರೆ.

ಲಕ್ಷಣ: ಎಲ್ಲ ಪೀಕುಗಳೂ ಜಾಗ ತಪ್ಪಿವೆ

2,960 ಇರಬೇಕಾದ ಮೆಟ್ಟಿಲು 2,925ರಲ್ಲಿ ಕಾಣುತ್ತಿದೆ ಎನ್ನಿ. ಹತ್ತಿರದ ಪೀಕೂ ದೂರದ ಪೀಕೂ ಒಂದೇ ಅಳತೆಯಷ್ಟು ತಪ್ಪಿದ್ದರೆ ಸೊನ್ನೆಯ ಹೊಂದಿಕೆ ಕೆಟ್ಟಿದೆ. ದೂರ ಹೋದಂತೆ ತಪ್ಪು ಬೆಳೆಯುತ್ತಿದ್ದರೆ ವೇಗ ತಪ್ಪಾಗಿದೆ. 5,920ರ ಬದಲು 5,850 ಹಾಕಿದ್ದರೆ 2,960 ಎನ್ನುವುದು 2,925 ಆಗುತ್ತದೆ, 3,500 ಎನ್ನುವುದು 3,459 ಆಗುತ್ತದೆ. ಇದನ್ನು ಸರಿಮಾಡದೆ ಮುಂದೆ ಹೋಗಬೇಡಿ.

ಲಕ್ಷಣ: ಬ್ಯಾಕ್ ಎಕೋ ಬರುತ್ತಿಲ್ಲ, ಅಥವಾ ಕುಗ್ಗಿದೆ

ಹತ್ತರಲ್ಲಿ ಒಂಬತ್ತು ಸಲ ತಪ್ಪು ತುದಿಮುಖದಲ್ಲೇ ಇರುತ್ತದೆ. ಸುತ್ತಿಗೆ ಏಟು ತಿಂದು ಎದ್ದ ಉಬ್ಬು, ಹಳೇ ಬಣ್ಣ, ತುಕ್ಕು, ನಡುವಿನ ಸೆಂಟರ್ ತೂತು. ಪ್ರೋಬಿನ ಅರ್ಧ ತೂತಿನ ಮೇಲೆ ಕೂತಿದ್ದರೆ ಅರ್ಧ ಶಕ್ತಿ ಅಲ್ಲೇ ಹೋಯಿತು. ಕೂದಲೆಳೆಗಿಂತ ತೆಳು ಗಾಳಿಪದರವೂ ಈ ಅಲೆಯನ್ನು ದಾಟಗೊಡುವುದಿಲ್ಲ. ಗ್ರೈಂಡರಿನಿಂದ ಸಮ ಮಾಡಿ, ಆಮೇಲೆ ಅರದಿಂದ ತೀಡಿ, ಗ್ರೀಸ್ ಹಚ್ಚಿ. ರೋಲರ್ ಅಡ್ಡ ಮಲಗಿರುವುದರಿಂದ ತುದಿಮುಖ ನಿಂತ ಗೋಡೆಯಂತಿರುತ್ತದೆ. ಮೇ ತಿಂಗಳ ಬಿಸಿಲಿಗೆ ಕಾದ ಮುಖದ ಮೇಲೆ ತೆಳು ಎಣ್ಣೆ ಒಂದು ನಿಮಿಷವೂ ನಿಲ್ಲುವುದಿಲ್ಲ.

ಮುಖ ಸರಿಯಿದ್ದೂ ಎಕೋ ಇಲ್ಲದಿದ್ದರೆ ಆಚೆ ತುದಿಯಿಂದ ನೋಡಿ. ಎರಡೂ ಕಡೆಯಿಂದ ಕುಗ್ಗಿ, ಸ್ಕ್ರೀನಿನ ತಳದಲ್ಲಿ ಹುಲ್ಲು ದಟ್ಟವಾಗಿದ್ದರೆ ಕಾಳು (ಲೋಹದೊಳಗಿನ ಕಣ) ದಪ್ಪವಾದ ಉಕ್ಕು, ಅಂದರೆ ಫೋರ್ಜಿಂಗ್ ಆದ ಮೇಲೆ ಉಷ್ಣೋಪಚಾರ ಸರಿಯಾಗಿ ಆಗಿಲ್ಲ. ಗೇನ್ (ಎಕೋವನ್ನು ಹಿಗ್ಗಿಸುವ ಮಟ್ಟ) ಏರಿಸಿ ಪ್ರಯೋಜನವಿಲ್ಲ, ಎಕೋ ಜೊತೆಗೆ ಹುಲ್ಲೂ ಅಷ್ಟೇ ಬೆಳೆಯುತ್ತದೆ. 1 ಮೆಗಾಹರ್ಟ್ಸ್ ಪ್ರೋಬ್ ಹಾಕಿ. ಕಾಳು ತರಂಗದ ಉದ್ದಕ್ಕಿಂತ ಬಹಳ ಸಣ್ಣದಿರುವಾಗ ಚದುರುವಿಕೆ ಆವರ್ತನದ ನಾಲ್ಕನೇ ಘಾತದಂತೆ ಬದಲಾಗುತ್ತದೆ, ಅಂದರೆ ಆವರ್ತನ ಅರ್ಧಕ್ಕಿಳಿದರೆ ಚದುರುವಿಕೆ ಹದಿನಾರನೇ ಒಂದು ಭಾಗ. ಅದಕ್ಕೆ ತೆರುವ ಬೆಲೆ ಎಂದರೆ ತರಂಗದ ಉದ್ದ 5.9 ಮಿಮೀ ಆಗಿ ಸಣ್ಣ ಬಿರುಕು ಕೈಬಿಡುತ್ತದೆ. ವರದಿಯಲ್ಲಿ ಅದನ್ನು ಬರೆಯಿರಿ.

ಹೆದರಬೇಕಾದ ಸ್ಥಿತಿ ಬೇರೆಯೇ ಇದೆ. ಸುತ್ತಲೂ ಬ್ಯಾಕ್ ಎಕೋ ಚೆನ್ನಾಗಿದ್ದು, ಗಡಿಯಾರದ ಲೆಕ್ಕದಲ್ಲಿ 2 ಗಂಟೆಯಿಂದ 5 ಗಂಟೆ ಜಾಗದವರೆಗೆ ಮಾತ್ರ 6 ಡಿಬಿ (ಅರ್ಧದಷ್ಟು) ಅಥವಾ ಹೆಚ್ಚು ಬಿದ್ದು, ನಡುವೆ ಬೇರೆ ಪೀಕೂ ಇಲ್ಲ. ಓರೆಯಾಗಿ ಬೆಳೆದ ಬಿರುಕು ಅಲೆಯನ್ನು ಪ್ರೋಬಿನ ಕಡೆಗೆ ತಿರುಗಿಸದೆ ಬೇರೆಡೆಗೆ ಎಸೆದು ಹಿಂದೆ ನೆರಳು ಬೀಳಿಸುತ್ತಿರಬಹುದು. ಪೀಕ್ ಇಲ್ಲ ಎಂದು ಪಾಸು ಮಾಡುವುದು ಇಂಥ ಕಡೆಯೇ ಕೈಕೊಡುವುದು.

ಲಕ್ಷಣ: ಜರ್ನಲಿನ ನಡುವೆ ಗಟ್ಟಿ ಪೀಕ್, ಆದರೆ ಜರ್ನಲ್ ನುಣ್ಣಗಿದೆ

ಇದರಲ್ಲಿ ಎರಡು ಬಗೆ, ಎರಡೂ ಲೆಕ್ಕಕ್ಕೆ ಸಿಗುವಂಥವು.

ಒಂದನೆಯದು ಭೂತ ಎಕೋ. ಉದ್ದ ಶಾಫ್ಟಿನಲ್ಲಿ ಹಳೇ ಪಲ್ಸಿನ (ಯಂತ್ರ ಒಮ್ಮೆಗೆ ಬಿಡುವ ಅಲೆಯ ತುಣುಕು) ಅಲೆ ಇನ್ನೂ ಓಡಾಡುತ್ತಿರುವಾಗಲೇ ಯಂತ್ರ ಹೊಸ ಪಲ್ಸ್ ಬಿಟ್ಟರೆ ಹಿಂದಿನದು ಮುಂದಿನದರ ಲೆಕ್ಕಕ್ಕೆ ಬಂದು ಕೂರುತ್ತದೆ. ಸೆಕೆಂಡಿಗೆ 500 ಪಲ್ಸ್ ಎಂದರೆ ಎರಡು ಪಲ್ಸುಗಳ ನಡುವೆ 2 ಮಿಲಿಸೆಕೆಂಡ್, ಸ್ಕ್ರೀನಿನ ಲೆಕ್ಕದಲ್ಲಿ 5,920 ಮಿಮೀ ಉಕ್ಕು. ನಮ್ಮ ಶಾಫ್ಟಿನ ಎರಡನೇ ಬ್ಯಾಕ್ ಎಕೋ 7,000ದಲ್ಲಿ ಬರಬೇಕು. ಅದರಲ್ಲಿ 5,920 ಕಳೆದರೆ 1,080. ಡ್ರೈವ್ ಕಡೆಯ ಜರ್ನಲಿನ ಹೊಟ್ಟೆಯಲ್ಲಿ ಸರಿಯಾಗಿ 1,080ಕ್ಕೆ ಒಂದು ಪೀಕ್ ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ನಿಂತ ಫಿಟ್ಟರ್ ‘ಸಾಹೇಬ್ರ, ಇಲ್ಲೇ ಬಿರುಕ್ ಐತ್ರಿ’ ಎನ್ನುವುದೂ ಸಹಜ. ಪಲ್ಸ್ ದರವನ್ನು 200ಕ್ಕೆ ಇಳಿಸಿ. ಬಿರುಕಾದರೆ ಜಾಗ ಬಿಟ್ಟು ಕದಲುವುದಿಲ್ಲ, ಭೂತವಾದರೆ ಓಡಿಹೋಗುತ್ತದೆ. ಒಳ್ಳೆಯ, ಕಾಳು ಸಣ್ಣದಾದ ಉಕ್ಕಿನಲ್ಲೇ ಈ ಭೂತ ಹೆಚ್ಚು, ಏಕೆಂದರೆ ಅಲೆ ಅದರಲ್ಲಿ ಬೇಗ ಸಾಯುವುದಿಲ್ಲ.

ಎರಡನೆಯದು ಬಾಲದ ಎಕೋ. ಹರಡಿದ ಕಿರಣ ಶಾಫ್ಟಿನ ಮೈಗೆ ಒರಸಿದಾಗ ಅದರ ಒಂದು ಪಾಲು ಅಡ್ಡಲೆಯಾಗಿ (ಸಾಗುವ ದಿಕ್ಕಿಗೆ ಅಡ್ಡವಾಗಿ ಕಂಪಿಸುವ ಅಲೆ) ಬದಲಾಗಿ ಸುಮಾರು 33 ಡಿಗ್ರಿಯಲ್ಲಿ ಶಾಫ್ಟನ್ನು ಅಡ್ಡ ಹಾಯ್ದು, ಆಚೆ ಮೈಯಲ್ಲಿ ಮತ್ತೆ ಉದ್ದಲೆಯಾಗಿ ಮುಂದೆ ಹೋಗುತ್ತದೆ. ಅಡ್ಡಲೆಯ ವೇಗ 3,240 ಮೀಟರ್ ಮಾತ್ರ. ಹಾಗಾಗಿ ತಡವಾಗಿ ಬರುತ್ತದೆ, ಎಷ್ಟು ತಡ ಎಂಬುದೂ ಖಚಿತ: ಉಕ್ಕಿನಲ್ಲಿ ವ್ಯಾಸದ 0.76ರಷ್ಟು ದೂರ. 380ಕ್ಕೆ 289 ಮಿಮೀ, 430ಕ್ಕೆ 327 ಮಿಮೀ. ಬ್ಯಾಕ್ ಎಕೋದ ಹಿಂದೆ ಈ ಬಾಲ ಸಾಲಾಗಿ ಬರುವುದು ಎಲ್ಲರಿಗೂ ಗೊತ್ತು, ಅದು ಶಾಫ್ಟಿನ ಉದ್ದ ದಾಟಿ ಬೀಳುವುದರಿಂದ ತೊಂದರೆಯಿಲ್ಲ. ಮೆಟ್ಟಿಲಿನ ಎಕೋಗೂ ಬಾಲ ಇರುತ್ತದೆ ಎಂಬುದು ಮರೆತುಹೋಗುತ್ತದೆ. 2,960ಕ್ಕೆ 289 ಕೂಡಿಸಿದರೆ 3,249, 327 ಕೂಡಿಸಿದರೆ 3,287. ಎರಡೂ ಬ್ಯಾಕ್ ಎಕೋಗಿಂತ ಮುಂಚೆ, ಆಚೆ ಜರ್ನಲಿನ ಒಳಗೇ ಬೀಳುತ್ತವೆ. ಇದಕ್ಕೆ ಪಲ್ಸ್ ದರ ಬದಲಿಸಿದರೂ ಉಪಯೋಗವಿಲ್ಲ, ಅದು ಅಲುಗುವುದಿಲ್ಲ. ಆಚೆ ತುದಿಯಿಂದ ನೋಡಿ: ನಿಜವಾದ ಬಿರುಕಾಗಿದ್ದರೆ 3,500ರಲ್ಲಿ 3,287 ಕಳೆದು 213ರ ಸುತ್ತ ಏನಾದರೂ ಸಿಗಬೇಕು. ಅಲ್ಲಿ ಖಾಲಿ ಇದ್ದರೆ ಬಾಲ ಎಂದು ಬರೆದು ಮುಂದೆ ನಡೆಯಿರಿ.

ಲಕ್ಷಣ: ಪೀಕ್ ಕುಣಿಯುತ್ತಿದೆ

ಪ್ರೋಬಿನ ಕೇಬಲ್ ಕಿತ್ತರೂ ಪೀಕ್ ಉಳಿದರೆ ಅದು ವಿದ್ಯುತ್ ಗದ್ದಲ. ಬಿಡುವಿನ ಕಾಲದಲ್ಲಿ ಪಕ್ಕದಲ್ಲೇ ಯಾರೋ ರೋಲರಿನ ಹಲ್ಲಿಗೆ ವೆಲ್ಡಿಂಗ್ ಮಾಡುತ್ತಿರುತ್ತಾರೆ. ಯಂತ್ರವನ್ನು ಬ್ಯಾಟರಿಯಲ್ಲಿ ಓಡಿಸಿ, ಅವರ ಊಟದ ಹೊತ್ತಿಗೆ ಕೆಲಸ ಮುಗಿಸಿ. ಕೇಬಲ್ ಬಗ್ಗಿಸಿದಾಗ ಮಾತ್ರ ಕುಣಿದರೆ ಕೇಬಲ್ ಬದಲಿಸಿ.

ಲಕ್ಷಣ: ಫಿಲೆಟ್ ಜಾಗದಲ್ಲಿ ಪೀಕ್

ನಿಜವಾದ ಕೆಲಸ ಇಲ್ಲಿದೆ. ಡ್ರೈವ್ ತುದಿಯಿಂದ 1,280ರಲ್ಲಿ, ಖಾಲಿ ಇರಬೇಕಾದ ಕಡೆ, ಹುಲ್ಲಿಗಿಂತ ಸ್ವಲ್ಪ ಮೇಲೆ ಒಂದು ಮೊನೆ ಕಾಣುತ್ತಿದೆ. ಪಲ್ಸ್ ದರ ಬದಲಿಸಿದರೂ ಕದಲಲಿಲ್ಲ, ಬಾಲದ ಲೆಕ್ಕಕ್ಕೂ ಹೊಂದುವುದಿಲ್ಲ.

ಮೊದಲು ಅದನ್ನು ಸುತ್ತಲೂ ಹಿಂಬಾಲಿಸಿ. ಪೀಕ್ ಅತಿ ಎತ್ತರವಿರುವ ಗಂಟೆಜಾಗ ಗುರುತಿಸಿ, ಎರಡೂ ಕಡೆ ಅದು ಅರ್ಧಕ್ಕೆ, ಅಂದರೆ 6 ಡಿಬಿ, ಇಳಿಯುವ ಜಾಗಕ್ಕೂ ಗುರುತು ಹಾಕಿ. ಗುರುತು ಸೀಮೆಸುಣ್ಣದಿಂದ. ಜರ್ನಲ್ ಮೇಲೆ ಸೆಂಟರ್ ಪಂಚ್ ಹೊಡೆಯುವ ಚಾಳಿ ಕೆಲವರಿಗಿದೆ. ಬಿರುಕು ಹುಡುಕಲು ಬಂದವರೇ ಹೊಸ ಬಿರುಕಿಗೆ ಬೀಜ ಹಾಕಿದಂತೆ. ಚಾಪದ ಒಂದು ತುಂಡಿನಲ್ಲಿ ಮಾತ್ರ ಪೀಕ್ ಇದ್ದರೆ ಅನುಮಾನ ಬಲವಾಯಿತು. ಸುತ್ತಲೂ ಸಮ ಎತ್ತರವಿದ್ದರೆ ತಿರುವಿದಾಗ ಉಳಿದ ಗಾಡಿಯೋ, ಆಕಾರದ ಎಕೋವೋ ಇರಬಹುದು. ಆದರೆ ತಿರುಗುತ್ತಲೇ ಬಾಗುವ ಶಾಫ್ಟಿನಲ್ಲಿ ಬಿರುಕು ಹಲವು ಕಡೆ ಒಟ್ಟಿಗೇ ಹುಟ್ಟಿ ಬಳೆಯಂತೆ ಸುತ್ತುಗಟ್ಟುವುದೂ ಉಂಟು. ಸುತ್ತಲೂ ಇದೆ ಎಂದ ಮಾತ್ರಕ್ಕೆ ಬಿಟ್ಟುಕೊಡಬೇಡಿ. ಅದೇ ಡ್ರಾಯಿಂಗಿನ ಇನ್ನೊಂದು ಶಾಫ್ಟ್ ಅಂಗಳದಲ್ಲಿದ್ದರೆ ಅದೇ ಗೇನ್‌ನಲ್ಲಿ ಹೋಲಿಸಿ.

ಆಮೇಲೆ ರೋಲರನ್ನು ಅರ್ಧ ಸುತ್ತು ತಿರುಗಿಸಿ. ಎಳೆ ಬಿರುಕಿನ ಎರಡು ತುಟಿ ಒತ್ತಿ ಮುಚ್ಚಿದ್ದರೆ, ಅದರಲ್ಲೂ ನಡುವೆ ಎಣ್ಣೆ ನೀರು ಸೇರಿದ್ದರೆ, ಅಲೆ ಬಹುಪಾಲು ದಾಟಿಹೋಗಿ ಪೀಕ್ ಸಣ್ಣದಾಗುತ್ತದೆ. ತುಟಿ ಸ್ವಲ್ಪ ಬಿಟ್ಟುಕೊಂಡರೆ ಪೀಕ್ ಏಳುತ್ತದೆ. ರೋಲರ್ ಎರಡೂ ಜರ್ನಲ್ ಮೇಲೆ ಕೂತಿದ್ದರೆ ನಡುಭಾಗ ಜಗ್ಗಿ ಕೆಳಮೈ ಎಳೆತಕ್ಕೆ ಸಿಗುತ್ತದೆ. ಶೆಲ್ಲಿನ ಕೆಳಗೆ ದಿಮ್ಮಿ ಕೊಟ್ಟಿದ್ದರೆ ಜರ್ನಲ್ ಜೋತುಬಿದ್ದು ಮೇಲ್ಮೈ ಎಳೆತಕ್ಕೆ. ಫಿಲೆಟ್ಟಿಗೆ ದಿಮ್ಮಿಯ ಏರ್ಪಾಡೇ ಹೆಚ್ಚು ಉಪಯುಕ್ತ. ತಿರುಗಿಸಿದಾಗ ಅದೇ ಜಾಗದ ಪೀಕ್ ಏರಿಳಿದರೆ ಬಿರುಕು ಉಸಿರಾಡುತ್ತಿದೆ. ಮೆಟ್ಟಿಲು ಗಾಡಿಗಳು ಹೀಗೆ ಮಾಡುವುದಿಲ್ಲ. ಪ್ರತಿಸಲ ಗ್ರೀಸ್ ಹೊಸದಾಗಿ ಹಚ್ಚಿ, ಬ್ಯಾಕ್ ಎಕೋ ಒಂದೇ ಎತ್ತರಕ್ಕೆ ತಂದ ಮೇಲಷ್ಟೇ ಹೋಲಿಕೆಗೆ ಅರ್ಥ.

ಮೂರನೆಯದು ಕೋನದ ಪ್ರೋಬ್. 45 ಡಿಗ್ರಿ, 2 ಮೆಗಾಹರ್ಟ್ಸ್ ಅಡ್ಡಲೆಯನ್ನು ಜರ್ನಲ್ ಮೈಯಿಂದ ಫಿಲೆಟ್ ಕಡೆಗೆ ಬಿಡಿ. ಅಲೆ 380 ಮಿಮೀ ಆಳ ಇಳಿದು ಎದುರು ಮೈಗೆ ತಾಗುವಾಗ ಮುಂದಕ್ಕೂ 380 ಮಿಮೀ ಹೋಗಿರುತ್ತದೆ, ದಾರಿ 537 ಮಿಮೀ. ಅಂದರೆ ಫಿಲೆಟ್ಟಿನಿಂದ 380 ಮಿಮೀ ಹಿಂದೆ ನಿಂತರೆ ಎದುರು ಬದಿಯ ಫಿಲೆಟ್ ಸಿಗುತ್ತದೆ. ಜರ್ನಲ್ 480 ಮಿಮೀ ಉದ್ದ ಇರುವುದರಿಂದ ಜಾಗ ಸಾಕು. ಬಿರುಕು ಮತ್ತು ಮೈ ಸೇರುವ ಮೂಲೆ ಕನ್ನಡಿಯಂತೆ ಅಲೆಯನ್ನು ಬಂದ ದಾರಿಗೇ ತಿರುಗಿಸುತ್ತದೆ, ಎಕೋ ಗಟ್ಟಿ. 20 ಮಿಮೀ ಅಗಲದ ಪ್ರೋಬಿಗೆ ಈ ದುಂಡು ಮೈಯಲ್ಲಿ ಅಂಚಿನ ಸಂದು ಕಾಲು ಮಿಮೀ, ಪರವಾಗಿಲ್ಲ. 150 ಮಿಮೀ ವ್ಯಾಸದ ಸಣ್ಣ ಶಾಫ್ಟಾದರೆ ಅದೇ ಸಂದು 0.67 ಮಿಮೀ ಆಗುತ್ತದೆ. ಅರ್ಧ ಮಿಮೀ ಮೀರಿದರೆ ಪ್ರೋಬಿನ ಅಡಿಗೆ ದುಂಡಿಗೆ ಹೊಂದುವ ಷೂ ಬೇಕು.

ಕೋನದ ಪ್ರೋಬನ್ನು ಬಿಸಿಲಿನಲ್ಲಿ ಬಿಡಬೇಡಿ. ಅದರ ಅಡಿಯ ಪರ್ಸ್ಪೆಕ್ಸ್ (ಒಂದು ಬಗೆಯ ಪ್ಲಾಸ್ಟಿಕ್) ಕಾದಷ್ಟೂ ಅದರಲ್ಲಿ ಅಲೆಯ ವೇಗ ಇಳಿಯುತ್ತದೆ, ಉಕ್ಕಿನೊಳಗಿನ ಕೋನ ಏರುತ್ತದೆ. ಬೆಳಿಗ್ಗೆ 45 ಇದ್ದದ್ದು ಮಧ್ಯಾಹ್ನ ಬೇರೆ. 537 ಮಿಮೀ ದಾರಿಯಲ್ಲಿ 2 ಡಿಗ್ರಿ ಹೆಚ್ಚಾದರೂ ಅಲೆ ಎದುರು ಮೈಗೆ ತಾಗುವ ಜಾಗ 27 ಮಿಮೀ ಮುಂದೆ ಸರಿಯುತ್ತದೆ. ನೆರಳಿನಲ್ಲಿಟ್ಟ ಬ್ಲಾಕಿನ ಮೇಲೆ ಕೋನ ನೋಡಿ ಬಿಸಿಲಿನ ಶಾಫ್ಟಿಗೆ ಹಚ್ಚುವುದೂ ತಪ್ಪೇ. ಬ್ಲಾಕ್, ಪ್ರೋಬ್, ಶಾಫ್ಟ್ ಮೂರೂ ಒಂದೇ ಕಡೆ ಅರ್ಧ ಗಂಟೆ ಇರಲಿ.

ಶೆಲ್ ಅಂಚಿನ ಒಳಗೆ

ಬೀಡಿನ ಶೆಲ್ಲನ್ನು ಚಕ್ಕಡಿ ಗಾಲಿಗೆ ಹಳಿ ಕಾಯಿಸಿ ತೊಡಿಸಿದಂತೆ ಬಿಸಿ ಮಾಡಿ ಶಾಫ್ಟಿಗೆ ತೊಡಿಸಿರುತ್ತಾರೆ. ಅಂಚಿನಲ್ಲಿ ಹಿಡಿತದ ಒತ್ತಡ ಅತಿ ಹೆಚ್ಚು, ಶಾಫ್ಟ್ ಬಾಗುವಾಗ ಅಲ್ಲಿ ಲೋಹಕ್ಕೆ ಲೋಹ ಕೂದಲಷ್ಟು ಉಜ್ಜಿಕೊಂಡು ಕೆಂಪು ಪುಡಿ ಕಕ್ಕುತ್ತದೆ. ಆ ಉಜ್ಜುಗಾಯದಿಂದ ಹುಟ್ಟಿದ ಬಿರುಕು ಶೆಲ್ ಅಡಿ ಮುಚ್ಚಿಹೋಗಿರುತ್ತದೆ. ಬಣ್ಣದ ದ್ರವ ಹಚ್ಚುವ ಪರೀಕ್ಷೆಗೂ ಕಾಂತದ ಪುಡಿಗೂ ಸಿಗುವುದಿಲ್ಲ. ಇಲ್ಲಿ ಅಲ್ಟ್ರಾಸಾನಿಕ್ ಒಂದೇ ದಾರಿ.

ತೊಂದರೆಯೆಂದರೆ ಬಿಗಿಯಾದ ಕಡೆ ಅಲೆ ಶೆಲ್ಲಿನೊಳಗೂ ನುಗ್ಗುತ್ತದೆ, ಸಡಿಲವಾದ ಕಡೆ ನುಗ್ಗುವುದಿಲ್ಲ. ಆದ್ದರಿಂದ ಹಿಡಿತದ ಎಕೋಗಳು ಸುತ್ತಲೂ ಒಂದೇ ತೆರನಾಗಿರುವುದಿಲ್ಲ, ಬಿರುಕಿನಂತೆಯೇ ಚಾಪದ ತುಂಡುಗಳಲ್ಲಿ ಕಾಣುತ್ತವೆ. ಇದಕ್ಕೆ ಎರಡು ಕೋನದಿಂದ ನೋಡುವುದೇ ಮದ್ದು. 45 ಡಿಗ್ರಿ ಪ್ರೋಬಿನಿಂದ ಕಂಡದ್ದನ್ನೂ ಓರೆ ಉದ್ದಲೆಯ ಪ್ರೋಬಿನಿಂದ ತುದಿಮುಖದಲ್ಲಿ ಕಂಡದ್ದನ್ನೂ ಒಂದೇ ಡ್ರಾಯಿಂಗಿನ ಮೇಲೆ ಗುರುತಿಸಿ. ಎರಡು ಗೆರೆ ಶಾಫ್ಟಿನ ಮೈಯ ಒಂದೇ ಬಿಂದುವಿನಲ್ಲಿ ಕೂಡಿದರೆ ಬಿರುಕು. ಒಂದು ಶೆಲ್ಲಿನೊಳಗೆ, ಇನ್ನೊಂದು ಗಾಳಿಯಲ್ಲಿ ಬಿದ್ದರೆ ಹಿಡಿತದ ಆಟ.

ಬಿರುಕು ಬಾಯಿ ಬಿಡುವ ಮೊದಲೇ ಲೋಹದ ದಣಿವು ತಿಳಿಯುವ ವಿಧಾನವೂ ಇದೆ. 2 ಮೆಗಾಹರ್ಟ್ಸ್ ಕಳಿಸಿ 4ರಲ್ಲಿ ಹುಟ್ಟುವ ಎರಡನೇ ಸ್ವರವನ್ನು ಅಳೆಯುವುದು. ದಣಿದ ಉಕ್ಕಿನಲ್ಲಿ ಅದು ಏರುತ್ತದೆ. ಆದರೆ ಆಂಪ್ಲಿಫೈಯರ್, ಗ್ರೀಸಿನ ಪದರ ಕೂಡ ಅದೇ ಸ್ವರ ಹುಟ್ಟಿಸುವುದರಿಂದ ಫ್ಯಾಕ್ಟರಿ ಅಂಗಳಕ್ಕೆ ಅದು ಸದ್ಯ ಹೊಂದದು.

ಬಿರುಕೆಂದು ಖಾತ್ರಿಯಾದ ಮೇಲೆ

ಫಿಲೆಟ್ ಹೊರಗೆ ಕಾಣುವಂತಿದ್ದರೆ ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಕಾಂತದ ಪುಡಿಯಿಂದ ನೋಡಿ. ಮೈಮೇಲಿನ ಉದ್ದ ಅದರಿಂದ, ಆಳ ಅಲ್ಟ್ರಾಸಾನಿಕ್‌ನಿಂದ. ಪೀಕಿನ ಎತ್ತರವನ್ನು ಮಾದರಿ ತುಂಡಿನಲ್ಲಿ ಕೊರೆದ ಸಪಾಟು ತಳದ ತೂತಿನ ಎಕೋಗೆ ಹೋಲಿಸಿ ಹೇಳುವ ಗಾತ್ರ ನಿಜವಾದ ಬಿರುಕಿಗಿಂತ ಸಣ್ಣದೇ ಇರುತ್ತದೆ, ಏಕೆಂದರೆ ಬಿರುಕಿನ ಮೈ ಒರಟು, ಓರೆ. ಅದನ್ನು ಕನಿಷ್ಠ ಗಾತ್ರವೆಂದೇ ಓದಿ.

ಬಿರುಕಿನ ಮೇಲೆ ವೆಲ್ಡಿಂಗ್ ಎಳೆದು ಮುಚ್ಚುವುದು ಬೇಡವೇ ಬೇಡ. ಶಾಫ್ಟಿಗೆ ಬಳಸುವ 45ಸಿ8ನಂಥ ಉಕ್ಕಿನಲ್ಲಿ ಇಂಗಾಲ ಶೇ 0.45ರಷ್ಟಿರುತ್ತದೆ. ಮೊದಲೇ ಕಾಯಿಸದೆ ವೆಲ್ಡ್ ಮಾಡಿದರೆ ಪಕ್ಕದ ಲೋಹ ಗಾಜಿನಂತೆ ಗಡುಸಾಗಿ ಅಲ್ಲೇ ಹೊಸದು ಹುಟ್ಟುತ್ತದೆ. ಕೆಲವು ಮಿಮೀ ಆಳದ್ದನ್ನು ಲೇತಿನಲ್ಲಿ ತಿರುವಿ ತೆಗೆದು ದೊಡ್ಡ ತ್ರಿಜ್ಯದ ಫಿಲೆಟ್ ಕೊಡಬಹುದು, ಆದರೆ ಉಳಿದ ವ್ಯಾಸ ಸಾಕೇ ಎಂದು ವಿನ್ಯಾಸ ಮಾಡಿದವರು ಹೇಳಬೇಕು. ತಿರುವಿದ ಮೇಲೆ ಕಾಂತದ ಪುಡಿ ಮತ್ತೆ ಹಾಕಿ. ಅರ್ಧ ಬಿರುಕು ಉಳಿಸಿ ನುಣ್ಣಗೆ ಮಾಡಿದ ಫಿಲೆಟ್ ಎಲ್ಲಕ್ಕಿಂತ ಮೋಸದ್ದು.

ವರದಿಯಲ್ಲಿ ಶಾಫ್ಟ್ ನಂಬರ್, ಪ್ರೋಬಿನ ವ್ಯಾಸ, ಆವರ್ತನ, ಪಲ್ಸ್ ದರ, ಬ್ಯಾಕ್ ಎಕೋ ಶೇ 80 ಎತ್ತರಕ್ಕೆ ಬಂದಾಗಿನ ಗೇನ್, ರೋಲರ್ ಯಾವುದರ ಮೇಲೆ ಕೂತಿತ್ತು ಎಂಬುದು, ಪ್ರತಿ ಪೀಕಿನ ದೂರ ಮತ್ತು ಗಂಟೆಜಾಗ ಇರಲಿ. ಗಂಟೆಯ 12 ಯಾವುದು ಎಂದು ತಿಳಿಯಲು ಪಿನಿಯನ್ ಕೀ ಗಾಡಿಯನ್ನೇ 12 ಎಂದು ಹಿಡಿಯಿರಿ, ಅದು ವರ್ಷ ಕಳೆದರೂ ಅಳಿಸಿಹೋಗುವುದಿಲ್ಲ. ಇಲ್ಲದಿದ್ದರೆ ಮುಂದಿನ ವರ್ಷ 4 ಗಂಟೆಯ ಪೀಕ್ ಬೆಳೆಯಿತೋ, ಹೊಸದೊಂದು ಹುಟ್ಟಿತೋ ಎಂದು ಹೇಳಲು ದಾರಿಯಿಲ್ಲ.

ಕೆಲಸ ಮುಗಿದ ಮೇಲೆ ತುದಿಮುಖದ ಗ್ರೀಸ್ ಒರೆಸಬೇಡಿ, ಇನ್ನಷ್ಟು ಬಳಿದು ಪ್ಲಾಸ್ಟಿಕ್ ಕಟ್ಟಿ. ರೋಲರುಗಳು ಜೂನ್ ಮಳೆಗೆ ಅಂಗಳದಲ್ಲೇ ಇರುತ್ತವೆ, ಅರ ಹಾಕಿ ತೀಡಿದ ಮುಖ ವಾರದೊಳಗೆ ತುಕ್ಕು ಹಿಡಿಯುತ್ತದೆ.